ನಿರಾಶ್ರಿತರ ಮಾನಸಿಕ ಆರೋಗ್ಯ: ಚಿಕಿತ್ಸೆ ಮತ್ತು ಸಾಮಾಜಿಕ ನೆರವಿನ ಸಮನ್ವಯ

ರಾಜ್ಯದ ಬೈಲಕುಪ್ಪೆ, ಮುಂಡಗೋಡ, ಹುಣಸೂರು ಹಾಗೂ ಒಡೆಯರಪಾಳ್ಯಗಳಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ನೆಲೆಗಳಿರುತ್ತವೆ. ಸೆರೆವಾಸ, ಹಿಂಸೆ ಹಾಗೂ ಕುಟುಂಬದ ಅಗಲಿಕೆಗೆ ಒಳಗಾದವರಲ್ಲಿ ನಿದ್ರಾಹೀನತೆ, ದುಃಸ್ವಪ್ನ, ಭಯ ಮತ್ತು ಖಿನ್ನತೆ ಹಲವು ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ಟಿಬೆಟನ್ ವೈದ್ಯಪದ್ಧತಿಯಾದ ಸೋವಾ ರಿಗ್ಪವು ಇಂತಹ ಲಕ್ಷಣಗಳನ್ನು 'ಲುಂಗ್' ಎಂಬ ವಾಯುವಿನ ಏರುಪೇರೆಂದು ವಿವರಿಸುತ್ತದೆ. ರೋಗಿಯು ಈ ಪದವನ್ನು ಬಳಸಿದಲ್ಲಿ ವೈದ್ಯರು ಅದನ್ನು ಅಲಕ್ಷಿಸತಕ್ಕದ್ದಲ್ಲ.

ನೋಂದಣಿ ಪತ್ರದ ನವೀಕರಣ, ಉದ್ಯೋಗ ಹಾಗೂ ಒಂಟಿತನದ ಚಿಂತೆ ಉಳಿದಿರುವಾಗ ಔಷಧಿಯೊಂದೇ ಸಾಲದು. ಅಂತೆಯೇ, ನೆರವಿನಿಂದ ಮಾತ್ರ ತೀವ್ರ ಕಾಯಿಲೆ ಗುಣವಾಗದು. ಆದ್ದರಿಂದ 2007ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಈ ಕೆಳಕಂಡ ನಾಲ್ಕು ಹಂತಗಳ ಸೇವೆಯನ್ನು ಏಕಕಾಲದಲ್ಲಿ ಒದಗಿಸಲು ಸೂಚಿಸುತ್ತದೆ:

1. ಮೂಲಭೂತ ಸೌಲಭ್ಯ ಹಾಗೂ ಸುರಕ್ಷತೆ.
2. ಕುಟುಂಬ ಮತ್ತು ಸಮುದಾಯದ ಬೆಂಬಲ.
3. ತರಬೇತಿ ಪಡೆದ ಆರೋಗ್ಯ ಹಾಗೂ ಸಮುದಾಯ ಕಾರ್ಯಕರ್ತರಿಂದ ಆಪ್ತ ನೆರವು.
4. ಮನೋವೈದ್ಯರು ಮತ್ತು ಮನಶ್ಶಾಸ್ತ್ರಜ್ಞರಿಂದ ಚಿಕಿತ್ಸೆ.

ಸಮಾಲೋಚನೆಯಲ್ಲಿ ರೋಗಿಯ ಮಕ್ಕಳನ್ನು ದುಭಾಷಿಗಳನ್ನಾಗಿ ಬಳಸಬಾರದು. ರೋಗಿಯ ಒಪ್ಪಿಗೆಯಿಲ್ಲದೆ ವಿವರಗಳನ್ನು ಇತರರಿಗೆ ತಿಳಿಸಬಾರದು.

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 18ನೇ ಪ್ರಕರಣದನ್ವಯ ಸರ್ಕಾರಿ ಮಾನಸಿಕ ಆರೋಗ್ಯ ಸೇವೆಯು ಪ್ರತಿಯೊಬ್ಬ ವ್ಯಕ್ತಿಯ ಹಕ್ಕಾಗಿರುತ್ತದೆ. ನೆರವು ಬೇಕಾದವರು ಟೆಲಿ-ಮಾನಸ್ ಉಚಿತ ದೂರವಾಣಿ ಸಂಖ್ಯೆ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು.