ಹುಕ್‌ನ ಗ್ರಂಥ ಮತ್ತು ಒಂದು ಇರುವೆ

ಕ್ರಿ.ಶ. 1665ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಮೈಕ್ರೋಗ್ರಾಫಿಯಾ’ದ ಪ್ರಥಮ ಮುದ್ರಣದ ಪ್ರತಿಗಳು ಇಂದು ಬಲು ವಿರಳ. ಸಿರಿವಂತರೂ ದೊಡ್ಡ ಗ್ರಂಥಾಲಯಗಳೂ ಅವನ್ನು ಅಪಾರ ಬೆಲೆ ತೆತ್ತು ಕೊಳ್ಳುವುದುಂಟು. ಅದರ ಕರ್ತೃ ರಾಬರ್ಟ್ ಹುಕ್‌ನಿಗೆ ಆಗ 29 ವರ್ಷ. ರಾಯಲ್ ಸೊಸೈಟಿಯಲ್ಲಿ ಪ್ರಯೋಗಗಳನ್ನು ನಡೆಸಿಕೊಡುವುದು ಅವನ ಉದ್ಯೋಗ. ವಿದ್ವಾಂಸರ ಲ್ಯಾಟಿನ್ನನ್ನು ಬಿಟ್ಟು ಅವನು ಇಂಗ್ಲಿಷಿನಲ್ಲಿ ಬರೆದನು. 38 ಚಿತ್ರಫಲಕಗಳ ಪೈಕಿ ಚಿಗಟದ ಚಿತ್ರವನ್ನು ಹಾಳೆಯ ಮಡಿಕೆ ಬಿಚ್ಚಿಯೇ ನೋಡಬೇಕು. ಬೆಂಡಿನ ತೆಳುಪದರದಲ್ಲಿ ಕಂಡ ಪುಟ್ಟ ಗೂಡುಗಳಿಗೆ ‘ಸೆಲ್’ ಎಂಬ ಹೆಸರು ದೊರೆತದ್ದೂ ಇಲ್ಲಿಯೇ. ಸ್ಯಾಮ್ಯುಯೆಲ್ ಪೀಪ್ಸ್ ಎಂಬ ಅಧಿಕಾರಿಯು ಇದನ್ನು ಕೊಂಡು ತಂದು, ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿದ್ದು ಓದಿದುದಾಗಿ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಆದರೆ ನಮ್ಮ ಓದುಗರ ಮನಸ್ಸು ನಿಲ್ಲಬೇಕಾದುದು ಇರುವೆಯ ಪ್ರಕರಣದಲ್ಲಿ. ನಮ್ಮ ಶಾಸ್ತ್ರಗಳು ತ್ರೀಂದ್ರಿಯ ಜೀವವೆಂದು ಎಣಿಸುವ ಈ ಪ್ರಾಣಿ ಹುಕ್‌ನ ಸೂಕ್ಷ್ಮದರ್ಶಕದ ಕೆಳಗೆ ನಿಲ್ಲಲೊಲ್ಲದು. ಕಾಲುಗಳನ್ನು ಮೇಣಕ್ಕೆ ಅಂಟಿಸಿದರೆ ಮೈ ತಿರುಚಿಕೊಳ್ಳುತ್ತದೆ. ಕೊಂದರೆ ದೇಹ ಮುದುಡಿ ಚಿತ್ರ ಬರೆಯಲು ಒದಗದು. ಕಡೆಗೆ ಅವನು ಅದನ್ನು ಬ್ರಾಂದಿಯಲ್ಲಿ ಅದ್ದಿದನು. ಅದು ಅಮಲೇರಿ ನಿಶ್ಚಲವಾಯಿತು. ಸುಮಾರು ಒಂದು ಗಂಟೆಯ ತರುವಾಯ ನಿದ್ದೆಯಿಂದೆದ್ದಂತೆ ಎದ್ದು ಓಡಿಹೋಯಿತು! ಕೊಲ್ಲದೆ ನೋಡುವ ಉಪಾಯವೊಂದು ಅವನಿಗೆ ಸಿಕ್ಕಿತ್ತು, ಅನುಕೂಲಕ್ಕಾಗಿಯೇ ಹುಡುಕಿದ್ದಾದರೂ. ಅದೇ ಗ್ರಂಥದಲ್ಲಿ ನೀರಿನ ಹುಳುವೊಂದರ ಪಾರದರ್ಶಕ ಮೈಯನ್ನು ವರ್ಣಿಸುತ್ತ, ಜೀವವಿರುವಾಗಲೇ ಪ್ರಾಣಿಗಳನ್ನು ಸೀಳಿ ಪ್ರಕೃತಿಯ ಬಾಗಿಲು ಒಡೆಯುವುದಕ್ಕಿಂತ, ಅವಳ ಕೆಲಸಕ್ಕೆ ಭಂಗ ತಾರದೆ ಹೊರಗಿನಿಂದಲೇ ನೋಡುವುದು ಲೇಸೆಂಬ ಅಭಿಪ್ರಾಯವನ್ನು ಅವನು ಸೂಚಿಸುತ್ತಾನೆ.

ಈ ಮಾತಿನ ಹಿಂದೆ ಸ್ವಾನುಭವವೂ ಇದ್ದಿರಬೇಕು. ಗ್ರಂಥಕ್ಕೆ ಮುದ್ರಣಾನುಮತಿ ದೊರೆತ 1664ರ ನವೆಂಬರ್ ತಿಂಗಳಲ್ಲಿಯೇ ಅವನು ಜೀವಂತ ನಾಯಿಯೊಂದರ ಎದೆಯನ್ನು ತೆರೆದು, ತಿದಿಯಿಂದ ಗಾಳಿಯೂದಿ, ಉಸಿರಾಟವನ್ನು ಪರೀಕ್ಷಿಸಿದ್ದನು. ಪ್ರಾಣಿಯ ಯಾತನೆಯನ್ನು ಕಂಡ ಮೇಲೆ ಇಂತಹ ಪ್ರಯೋಗವನ್ನು ಮತ್ತೆ ಮಾಡಲು ಮನಸ್ಸಾಗದೆಂದೂ, ನೋವು ತಿಳಿಯದಂತೆ ಮಾಡುವ ಔಷಧವಿದ್ದರೆ ಮಾತು ಬೇರೆಯೆಂದೂ ಮಿತ್ರ ರಾಬರ್ಟ್ ಬಾಯ್ಲ್‌ನಿಗೆ ಪತ್ರ ಬರೆದನು. ಆ ಔಷಧ ಅವನಿಗೆ ದೊರೆಯಲಿಲ್ಲ. ಆದರೂ 1667ರಲ್ಲಿ, ಅವನ ಗ್ರಂಥ ಎರಡನೆಯ ಬಾರಿ ಅಚ್ಚಾದ ವರ್ಷವೇ, ಸೊಸೈಟಿಯ ಸದಸ್ಯರ ಸಮ್ಮುಖದಲ್ಲಿ ಅದೇ ಪ್ರಯೋಗವನ್ನು ಇನ್ನೊಂದು ನಾಯಿಯ ಮೇಲೆ ಮಾಡಿ ತೋರಿಸಿದನು.