ದಿಂಬಂ ಗೇಟು ಮತ್ತು ತಾಳವಾಡಿಯ ನೆಂಟರು

ಚಂದಕವಾಡಿ, ಚಾಮರಾಜನಗರದ ಕಡೆಯವರಿಗೆ ತಾಳವಾಡಿ ಬೇರೆ ರಾಜ್ಯ ಅನ್ನಿಸುವುದೇ ಇಲ್ಲ. ಅಲ್ಲಿನ ಮನೆಮಾತು ಕನ್ನಡ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಅಲ್ಲೇ. ದೀಪಾವಳಿ ಮುಗಿಯುತ್ತಲೇ ಸಗಣಿ ಎರಚಾಡಿ ಗೊರೆ ಹಬ್ಬ ಮಾಡುವ ಗುಮಟಾಪುರವೂ ಅಲ್ಲೇ. ಹೆಣ್ಣು ಕೊಟ್ಟು ತರುವುದು, ಸಂತೆಗೆ ಹೋಗಿಬರುವುದು ಹಿಂದಿನಿಂದ ನಡೆದುಬಂದಿದೆ.

ಆದರೆ ಗಡಿ ಹಳೆಯದು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೊಯಮತ್ತೂರು ಸೀಮೆ ಕಂಪನಿ ಸರ್ಕಾರದ ಪಾಲಾಯಿತು, ಚಾಮರಾಜನಗರದ ಸೀಮೆ ಮೈಸೂರಿನಲ್ಲೇ ಉಳಿಯಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ತಾಳವಾಡಿ ಬರಲಿಲ್ಲ. ಇಂದು ಅದರ ಜಿಲ್ಲಾ ಕೇಂದ್ರ ಈರೋಡು. ಅಲ್ಲಿಗೆ ನೂರು ಕಿ.ಮೀ.ಗೂ ಹೆಚ್ಚು ದೂರ, ನಡುವೆ 27 ತಿರುವುಗಳ ದಿಂಬಂ ಘಾಟಿ.

ಈ ಘಾಟಿ 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದಲ್ಲಿದೆ. ವಾಹನಕ್ಕೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2019ರಲ್ಲಿ ಈರೋಡು ಜಿಲ್ಲಾಧಿಕಾರಿ ರಾತ್ರಿ ಸಂಚಾರ ನಿಷೇಧಿಸಿ ಆದೇಶಿಸಿದರು. ಅದು ಕಾಗದದಲ್ಲೇ ಉಳಿದಿತ್ತು. ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ 2022ರ ಫೆಬ್ರವರಿ 10ರಿಂದ ಜಾರಿಗೆ ಬಂತು. ತರಕಾರಿ ಬೆಳೆದು ಕೆಳಗಿನ ಮಾರುಕಟ್ಟೆಗೆ ಸಾಗಿಸುವ ರೈತರು ಪ್ರತಿಭಟಿಸಿದರು. ಆಮೇಲೆ ಸ್ಥಳೀಯರ ವಾಹನಗಳಿಗೆ ನ್ಯಾಯಾಲಯ ವಿನಾಯಿತಿ ಕೊಟ್ಟಿತು.

ಇಂಥ ಗೇಟು ನಮ್ಮ ಜಿಲ್ಲೆಗೆ ಹೊಸದಲ್ಲ. 2009ರಲ್ಲಿ ಬಂಡೀಪುರದ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಂತಿತು. 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಹುಣಸೂರು, ಗೋಣಿಕೊಪ್ಪ, ಕುಟ್ಟ ಮೂಲಕ ಸುತ್ತುದಾರಿಯಾದರೂ ಇದೆ. ತಾಳವಾಡಿಯವರಿಗೆ ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಇಳಿಯಲು ಹತ್ತಿರದ ಬೇರೆ ದಾರಿಯಿಲ್ಲ.

ಹಾಗಾಗಿ ಕೆಳಗಿನ ಗೇಟು ಮುಚ್ಚಿದಾಗ ಅವರಿಗೆ ಉಳಿಯುವುದು ಮೇಲಿನ ಬಾಗಿಲು, ಅಂದರೆ ಚಾಮರಾಜನಗರ. 2020ರ ಲಾಕ್‌ಡೌನಿನಲ್ಲಿ ಅಂತರರಾಜ್ಯ ಸಂಚಾರ ನಿಂತಾಗ ಆ ಬಾಗಿಲೂ ಮುಚ್ಚಿತು. ನಕ್ಷೆಯ ಮೇಲಿನ ಗೆರೆ ಅಣ್ಣತಮ್ಮಂದಿರ ಮನೆಗಳ ನಡುವೆ ಹಾದಿದೆ ಎಂಬುದು ಆಗ ಎಲ್ಲರಿಗೂ ತಿಳಿಯಿತು.

ರಾತ್ರಿ ಕಾಡು ಪ್ರಾಣಿಗಳದ್ದು ಎಂಬುದರಲ್ಲಿ ನಮಗೆ ತಕರಾರಿಲ್ಲ. ಆನೆಯ ದಾರಿ ಡಾಂಬರಿಗಿಂತ ಹಳೆಯದು. ಆದರೆ ದೂರದೂರಿಗೆ ಸರಕು ಹೊತ್ತ ಲಾರಿಯನ್ನೂ ಘಾಟಿಯ ನೆತ್ತಿಯಲ್ಲೇ ಬದುಕುವವರ ಗಾಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. 2022ರಲ್ಲಿ ಸಿಕ್ಕ ವಿನಾಯಿತಿ ಈ ವ್ಯತ್ಯಾಸವನ್ನು ಒಪ್ಪಿಕೊಂಡಿತು. ಅದನ್ನು ಗೇಟು ಹಾಕಿದ ಮೇಲೆ, ಬೀದಿಗಿಳಿದ ಜನರಿಂದ ತಿಳಿಯಬೇಕಾಯಿತು. ಮೊದಲೇ ಕೂತು ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು, ಕನ್ನಡದಲ್ಲೇ.