ಕಬ್ಬಿಣದ ಊರಿನಲ್ಲಿ ಹಳದಿ ಎಲೆ

ಭದ್ರಾವತಿ ಎಂದೊಡನೆ ನಮಗೆ ನೆನಪಾಗುವುದು ಕಬ್ಬಿಣ. ಹಿಂದೆ ಬೆಂಕಿಪುರ ಎಂದು ಕರೆಯಲಾಗುತ್ತಿದ್ದ ಈ ಊರಿನಲ್ಲಿ ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಇದ್ದಿಲಿನಿಂದ 1923ರಲ್ಲಿ ಕುಲುಮೆ ಉರಿಯತೊಡಗಿತು. ನಂತರ ಕಾಗದದ ಕಾರ್ಖಾನೆ ಬಂತು. 2010ರ ದಶಕದಲ್ಲಿ ಅದು ನಿಂತುಹೋಯಿತು; ಕಬ್ಬಿಣದ ಕಾರ್ಖಾನೆಯಲ್ಲೂ ಹಿಂದಿನಷ್ಟು ಕೆಲಸವಿಲ್ಲ. ಇಂತಹ ಊರಿನಲ್ಲಿ ಹೊಸ ದುಡಿಮೆ ಹುಡುಕುವವರಿಗೆ 'ಮಣ್ಣಿಲ್ಲದ ಬೇಸಾಯ' ಆಕರ್ಷಕವಾಗಿ ಕಾಣುವುದು ಸಹಜ. ಆದರೆ ಜೀವಮಾನದ ಉಳಿತಾಯವನ್ನು ಪ್ಲಾಸ್ಟಿಕ್ ಕೊಳವೆಗಳ ಮೇಲೆ ಹಾಕುವ ಮುನ್ನ ಅದರ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಗಿಡ ಮಣ್ಣನ್ನು ತಿನ್ನುವುದಿಲ್ಲ, ನೀರಿನಲ್ಲಿ ಕರಗಿದ ಲವಣಗಳನ್ನು ಹೀರುತ್ತದೆ. 1860ರ ಸುಮಾರಿಗೆ ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ ಬರೀ ಲವಣದ ದ್ರಾವಣದಲ್ಲಿ ಗಿಡ ಬೆಳೆಸಿ ಇದನ್ನು ತೋರಿಸಿಕೊಟ್ಟರು. ಅದಕ್ಕೂ ಮೊದಲೇ, 1840ರ ದಶಕದಲ್ಲಿ, ಹಳದಿಯಾದ ಎಲೆಗಳು ಕಬ್ಬಿಣದ ಲವಣದಿಂದ ಮತ್ತೆ ಹಸಿರಾಗುವುದನ್ನು ಫ್ರಾನ್ಸಿನ ಗ್ರಿ ಕಂಡುಕೊಂಡಿದ್ದರು. ಭದ್ರಾವತಿ ಟನ್ನುಗಟ್ಟಲೆ ಕರಗಿಸಿದ ಕಬ್ಬಿಣ ಗಿಡಕ್ಕೆ ಬೇಕಾಗುವುದು ಲೀಟರಿಗೆ ಕೆಲವೇ ಮಿಲಿಗ್ರಾಂ!

ಆದರೆ ಆ ಚಿಟಿಕೆಯನ್ನು ಉಳಿಸಿಕೊಳ್ಳುವುದೇ ಕಷ್ಟ. ದ್ರಾವಣ ಕ್ಷಾರೀಯವಾದರೆ ಕಬ್ಬಿಣ ತುಕ್ಕಿನಂತೆ ತಳಕ್ಕಿಳಿಯುತ್ತದೆ. ತೊಟ್ಟಿಯಲ್ಲಿ ಕಬ್ಬಿಣವಿದ್ದರೂ ಗಿಡ ಹಸಿದಿರುತ್ತದೆ. 1951ರಲ್ಲಿ ಅಮೆರಿಕದ ಜೇಕಬ್‌ಸನ್ ಇಡಿಟಿಎ ಎಂಬ ರಾಸಾಯನಿಕದೊಡನೆ ಬೆಸೆದ ಕಬ್ಬಿಣವನ್ನು ಬಳಸಿ ಈ ತೊಡಕಿಗೆ ಪರಿಹಾರ ತೋರಿಸಿದರು. ಹಾಗೆಂದು ಕಾವಲು ತಪ್ಪಲಿಲ್ಲ. ದ್ರಾವಣದ ಪಿಎಚ್ ಸಾಮಾನ್ಯವಾಗಿ 5.5ರಿಂದ 6.5ರೊಳಗೆ ಇರಬೇಕು. ಗಡಸು ಬೋರ್‌ವೆಲ್ ನೀರು ಅದನ್ನು ಮೇಲೇರಿಸುತ್ತದೆ. ಬೇಸಿಗೆಯಲ್ಲಿ ಗಿಡ ನೀರನ್ನೇ ಹೆಚ್ಚು ಕುಡಿಯುವುದರಿಂದ ಉಳಿದ ಲವಣ ಗಟ್ಟಿಯಾಗುತ್ತದೆ. ಅಳೆಯಬೇಕು, ನೀರು ಸೇರಿಸಬೇಕು, ಕಾಲಕಾಲಕ್ಕೆ ದ್ರಾವಣವನ್ನೇ ಬದಲಿಸಬೇಕು. ಕರೆಂಟು ಹೋಗಿ ಪಂಪು ನಿಂತರೆ, ತೆಳುವಾಗಿ ನೀರು ಹರಿಯುವ ಕೊಳವೆಗಳಲ್ಲಿ ಬೇರು ಕೆಲವೇ ಗಂಟೆಗಳಲ್ಲಿ ಬಾಡುತ್ತದೆ. ಮಣ್ಣು ನಮ್ಮ ತಪ್ಪುಗಳನ್ನು ಸ್ವಲ್ಪ ಮಟ್ಟಿಗೆ ಸಹಿಸಿಕೊಳ್ಳುತ್ತದೆ, ನೀರು ಸಹಿಸುವುದಿಲ್ಲ.

ಅತಿರಂಜಿತ ಭರವಸೆಗಳೂ ಹೊಸತಲ್ಲ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಗೆರಿಕೆ ಆಳೆತ್ತರ ಮೀರಿದ ಟೊಮೆಟೊ ಬಳ್ಳಿಗಳನ್ನು ನೀರಿನಲ್ಲಿ ಬೆಳೆಸಿ, 'ಹೈಡ್ರೋಪೋನಿಕ್ಸ್' ಎಂಬ ಹೆಸರನ್ನು ಬಳಕೆಗೆ ತಂದಾಗ ಪತ್ರಿಕೆಗಳು ಕೊಂಡಾಡಿದವು. ಅದೇ ವಿಶ್ವವಿದ್ಯಾಲಯದ ಹೋಗ್ಲಂಡ್ ಮತ್ತು ಆರ್ನನ್ 1938ರಲ್ಲಿ ಪರೀಕ್ಷಿಸಿ, ಫಲವತ್ತಾದ ಮಣ್ಣಿಗಿಂತ ನೀರಿನಲ್ಲಿ ಇಳುವರಿ ತಾನಾಗಿಯೇ ಹೆಚ್ಚುವುದಿಲ್ಲ ಎಂದರು. ಆದರೂ ವಿಧಾನವನ್ನು ಅವರು ತಿರಸ್ಕರಿಸಲಿಲ್ಲ. ಅವರು ಕೊಟ್ಟ ದ್ರಾವಣದ ಸೂತ್ರ ಇಂದಿಗೂ ಬಳಕೆಯಲ್ಲಿದೆ.

ನಮ್ಮ ದೇಶದಲ್ಲಿ 1946ರಲ್ಲಿ ಬಂಗಾಳದ ಕಾಲಿಂಪಾಂಗ್‌ನಲ್ಲಿ ಶೋಲ್ಟೋ ಡಗ್ಲಸ್ ಕೈಗೊಂಡ ಪ್ರಯೋಗಗಳು ಇನ್ನೊಂದು ದಾರಿ ತೋರಿಸಿದವು: ದುಬಾರಿ ಯಂತ್ರಗಳಿಲ್ಲದೆ, ಜಲ್ಲಿ ಮತ್ತು ಮರಳಿನ ತೊಟ್ಟಿಯಲ್ಲಿ, ಸಾಮಾನ್ಯನ ಕೈಗೆಟಕುವ ವೆಚ್ಚದಲ್ಲಿ ಬೇಸಾಯ.

ಆದ್ದರಿಂದ ನಾವು ಹೇಳಬಯಸುವುದಿಷ್ಟೆ: ಮಾರುವವನ ಲೆಕ್ಕವನ್ನು ನಂಬಿ ಹಣ ಹೂಡದಿರಿ. ಮೊದಲು ಮನೆಯ ನೀರನ್ನು ಪರೀಕ್ಷೆ ಮಾಡಿಸಿ, ಒಂದು ಸಣ್ಣ ತೊಟ್ಟಿಯಲ್ಲಿ ಸೊಪ್ಪು ಬೆಳೆದು ನೋಡಿ. ಎಲೆ ಹಳದಿಯಾದಾಗ ಅದರ ಕಾರಣವನ್ನು ಗುರುತಿಸಲು ಕಲಿತ ಮೇಲೆ ದೊಡ್ಡದಕ್ಕೆ ಕೈಹಾಕಿ.